ಸೀಲಿಯಾಕ್ ಇದ್ದವರು ರಾಗಿ ತಿನ್ನಬಹುದು, ಆದ್ರೆ ಹಿಟ್ಟು ಎಲ್ಲಿ ಬೀಸಿಸಿದ್ರಿ?

ಚಿಕ್ಕಲಸಂದ್ರ: ಪದೇ ಪದೇ ಹೊಟ್ಟೆ ಉಬ್ಬರ, ಭೇದಿ, ಐರನ್ ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್. ಇದಕ್ಕೆ ಸೀಲಿಯಾಕ್ ಕಾಯಿಲೆಯೂ ಕಾರಣ ಇರಬಹುದು. ಇದು ಗೋಧಿ ಅಲರ್ಜಿ ಅಲ್ಲ, ಆಟೋಇಮ್ಯೂನ್ ಕಾಯಿಲೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಹೊಟ್ಟೆಗೆ ಹೋದಾಗ ರೋಗನಿರೋಧಕ ಶಕ್ತಿಯೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಚಿಕಿತ್ಸೆ ಅಂದ್ರೆ ಜೀವನಪೂರ್ತಿ ಪಥ್ಯ.

ನಮ್ಮ ಅಡುಗೆಮನೆಗೆ ಇದು ತೀರಾ ಕಷ್ಟವಲ್ಲ. ಮುದ್ದೆ, ಅನ್ನ, ಅಕ್ಕಿ ರೊಟ್ಟಿ, ಜೋಳದ ರೊಟ್ಟಿ ಎಲ್ಲಾ ಓಕೆ. ಅಕ್ಕಿ ಇಡ್ಲಿ ತಿನ್ನಿ. ಯುದ್ಧಕಾಲದಲ್ಲಿ ಅಕ್ಕಿ ಸಿಗದೆ ಎಂಟಿಆರ್‌ನವರು ಶುರು ಮಾಡಿದ ರವೆ ಇಡ್ಲಿ ಮಾತ್ರ ಬೇಡ. ಉಪ್ಪಿಟ್ಟು, ಕೇಸರಿಬಾತ್, ಮೈದಾ ಹೋಳಿಗೆಯೂ ಬೇಡ.

ಜನ ಎಡವೋದು ಫ್ಲೋರ್ ಮಿಲ್‌ನಲ್ಲಿ. ಗೋಧಿ ಬೀಸಿದ ಮಿಷನ್‌ಗೇ ರಾಗಿ ಸುರಿದರೆ ನಿಮ್ಮ ಹಿಟ್ಟಿಗೆ ಗೋಧಿ ಸೇರುತ್ತೆ. ಹೊಟ್ಟೆ ನೋಯದಿದ್ದರೂ ಕರುಳಿಗೆ ಪೆಟ್ಟು ಬೀಳಬಹುದು. ರಾಗಿಯನ್ನು ಆರಿಸಿ, ತೊಳೆದು ಒಣಗಿಸಿ, ಆದಷ್ಟು ಮನೆಯಲ್ಲೇ ಪುಡಿ ಮಾಡಿಕೊಳ್ಳಿ. ಇನ್ನು ಇಂಗು! ಅಂಗಡಿ ಇಂಗಿಗೆ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರೋದು ಮಾಮೂಲಿ. ಹಾಗಾಗಿ ತಿಳಿಸಾರಿನ ಒಗ್ಗರಣೆಯಲ್ಲೇ ಪಥ್ಯ ಮುರಿದುಹೋಗುತ್ತೆ. ಡಬ್ಬಿಯ ಹಿಂದೆ ಓದಿ ತನ್ನಿ.

ಆದರೆ ವಿಡಿಯೋ ನೋಡಿ ಇವತ್ತೇ ಚಪಾತಿ ಬಿಡಬೇಡಿ. ಗೋಧಿ ಬಿಟ್ಟಮೇಲೆ ಮಾಡಿಸಿದರೆ ಟಿಟಿಜಿ ರಕ್ತಪರೀಕ್ಷೆ ಕಾಯಿಲೆ ಇದ್ದರೂ ನೆಗೆಟಿವ್ ತೋರಿಸಬಹುದು. ಮೊದಲು ಡಾಕ್ಟರ್, ಟೆಸ್ಟ್, ಆಮೇಲೆ ಪಥ್ಯ. ಒಬ್ಬರಿಗೆ ಇದ್ದರೆ ಅವರ ಅಪ್ಪ-ಅಮ್ಮ, ಮಕ್ಕಳು, ಒಡಹುಟ್ಟಿದವರೂ ಟೆಸ್ಟ್ ಮಾಡಿಸಿಕೊಳ್ಳೋದು ಒಳ್ಳೇದು.