ಕೆಂಪು ಮಸಿಯೂ ಎರಡನೆಯ ನುಡಿಯೂ

ಮನೆಯಲ್ಲಿ ಆಡುವ ನುಡಿಯೊಂದು, ಶಾಲೆಯಲ್ಲಿ ಬರೆಯುವ ನುಡಿಯೊಂದು. ಈ ಸ್ಥಿತಿಯು ನಮ್ಮ ಹುಬ್ಬಳ್ಳಿ-ಧಾರವಾಡಗಳಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಸೀಮೆಯ ಕನ್ನಡ ಮಕ್ಕಳು ಶಾಲೆಗಳಲ್ಲಿ ಮರಾಠಿಯನ್ನೇ ಓದಿ ಬರೆಯಬೇಕಾಗಿದ್ದಿತು. ಅದನ್ನು ತಿದ್ದಲು ಡೆಪ್ಯುಟಿ ಚನ್ನಬಸಪ್ಪನವರು ಪಟ್ಟ ಶ್ರಮವನ್ನೂ, 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದುದನ್ನೂ ವಾಚಕರು ಬಲ್ಲರು. ಇಂದು ಇದೇ ಊರುಗಳಲ್ಲಿ ಉರ್ದು, ಮರಾಠಿ, ಕೊಂಕಣಿ, ತೆಲುಗು, ಲಂಬಾಣಿಗಳನ್ನಾಡುವ ಮನೆಗಳ ಎಷ್ಟೋ ಮಕ್ಕಳು ಕನ್ನಡವನ್ನು ಎರಡನೆಯ ನುಡಿಯಾಗಿ ಬರೆಯುವರು. ಕನ್ನಡ ಮನೆಗಳ ಮಕ್ಕಳು ಇಂಗ್ಲಿಷನ್ನು ಹಾಗೆಯೇ ಬರೆಯುವರು. ಇವರಿಗೆ ಬರವಣಿಗೆಯನ್ನು ಕಲಿಸುವ ಬಗೆಯೆಂತು? ಇದನ್ನು ನಾವು ತಡವಾಗಿ, ಒಬ್ಬ ಬಾಲಕನನ್ನು ನೋಯಿಸಿ, ತಿಳಿದುಕೊಂಡೆವು.

ಬಹಳ ವರುಷಗಳ ಹಿಂದಿನ ಮಾತು. ಮಳೆಗಾಲವನ್ನು ಕುರಿತು ಪ್ರಬಂಧ ಬರೆಯಿರೆಂದು ತರಗತಿಗೆ ಹೇಳಿದ್ದೆವು. ಹುಬ್ಬಳ್ಳಿಯ ಉರ್ದು ಮನೆಮಾತಿನ ಹುಡುಗನೊಬ್ಬನು ಹೀಗೆ ಬರೆದಿದ್ದನು: "ರಾತ್ರಿ ಮಲೆ ಬಂತು. ಗಾಡಿ ಬಂದಳು. ಅಪ್ಪ ಬರಲಿಲ್ಲ." ನಾವು ಅದನ್ನು ಗಟ್ಟಿಯಾಗಿ ಓದಿದೆವು, ತರಗತಿಯು ನಕ್ಕಿತು. "ಮಲೆ", "ಬಂದಳು" ಎಂಬೆರಡಕ್ಕೂ ಕೆಂಪು ಗೆರೆಯನ್ನೆಳೆದೆವು. ತಪ್ಪಿಲ್ಲದ ಮೂರನೆಯ ವಾಕ್ಯವನ್ನು ಮಾತ್ರ ನಾವು ನಿಜವಾಗಿ ಓದಲೇ ಇಲ್ಲ! ಹುಡುಗನ ತಂದೆಯು ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆಯಲ್ಲಿರುವನೆಂದೂ, ಗಾಡಿಯನ್ನು ಬೇರೊಬ್ಬರು ಮನೆಗೆ ತಂದರೆಂದೂ ಎಂಟು ದಿನಗಳ ಮೇಲೆ ತಿಳಿಯಿತು. ಅಂದಿನಿಂದ ಆ ಹುಡುಗನು ಗೈಡ್ ಪುಸ್ತಕದ ಪ್ರಬಂಧಗಳನ್ನೇ ನಕಲು ಮಾಡಿ ಕೊಡತೊಡಗಿದನು. ಅವುಗಳಲ್ಲಿ ತಪ್ಪುಗಳಿರಲಿಲ್ಲ, ಹುಡುಗನೂ ಇರಲಿಲ್ಲ.

ಅವನ ತಪ್ಪುಗಳಾದರೂ ಎಂಥವು? ಉರ್ದುವಿನಲ್ಲಿ ಳಕಾರವಿಲ್ಲ, ಅಲ್ಲಿ ಗಾಡಿಯು ಸ್ತ್ರೀಲಿಂಗ. ಅವನು ತನ್ನ ಮನೆಮಾತಿನ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸಿದ್ದನಷ್ಟೆ. ಸಂಸ್ಕೃತವನ್ನೋದಿದ ನಮಗಾದರೂ ಇದು ಹೊಳೆಯಬೇಕಿತ್ತು. ಹೆಂಡತಿಯೆಂಬ ಒಂದೇ ಅರ್ಥಕ್ಕೆ ಅಲ್ಲಿ ಭಾರ್ಯಾ ಎಂಬುದು ಸ್ತ್ರೀಲಿಂಗ, ದಾರಾಃ ಎಂಬುದು ಪುಲ್ಲಿಂಗ ಬಹುವಚನ, ಕಲತ್ರಂ ಎಂಬುದು ನಪುಂಸಕಲಿಂಗ! ಇವನ್ನು ಭಕ್ತಿಯಿಂದ ಬಾಯಿಪಾಠ ಮಾಡಿದವರು ಬಾಲಕನ "ಗಾಡಿ ಬಂದಳು" ಎಂಬುದಕ್ಕೆ ನಗಬಹುದೇ?

ಈ ವಿಷಯದಲ್ಲಿ ಪಂಡಿತರ ಚರ್ಚೆಯು ಇನ್ನೂ ಮುಗಿದಿಲ್ಲ. ಎರಡನೆಯ ನುಡಿಯ ಬರವಣಿಗೆಯಲ್ಲಿ ವ್ಯಾಕರಣವನ್ನು ತಿದ್ದುವ ಪದ್ಧತಿಯು ನಿಷ್ಫಲ, ಹಾನಿಕರ ಕೂಡ ಎಂದು ಜಾನ್ ಟ್ರಸ್ಕಾಟರು 1996ರಲ್ಲಿ ವಾದಿಸಿದರು. ಡೇನಾ ಫೆರಿಸ್ ಎಂಬ ವಿದುಷಿಯು 1999ರಲ್ಲಿ ಅದನ್ನು ಅಲ್ಲಗಳೆದರು. ಕೆನಡಾದ ಜಿಮ್ ಕಮಿನ್ಸರು 1979ರಲ್ಲಿ ಮಂಡಿಸಿದ ಮತವೇನೆಂದರೆ, ಮೊದಲ ನುಡಿಯಲ್ಲಿ ಗಳಿಸಿದ ಓದುಬರಹದ ಶಕ್ತಿಯು, ಎರಡನೆಯ ನುಡಿಯ ಪರಿಚಯವು ಸಾಕಷ್ಟಿದ್ದರೆ, ಅದಕ್ಕೂ ನೆರವಾಗುವುದು. ಅಂತೂ ಮನೆಮಾತು ಕಂಟಕವಲ್ಲ. ಮನೆಯಲ್ಲಿ ಮರಾಠಿಯನ್ನಾಡುತ್ತಿದ್ದ ದ. ರಾ. ಬೇಂದ್ರೆಯವರು ಧಾರವಾಡದಲ್ಲಿ ಬೆಳೆದು ಕನ್ನಡದ ವರಕವಿಗಳಾದರು. ಜರ್ಮನಿಯಿಂದ ಬಂದ ಕಿಟೆಲರು ಕನ್ನಡದಲ್ಲಿ ಪದ್ಯಗಳನ್ನು ಬರೆದರಲ್ಲದೆ 1894ರಲ್ಲಿ ಮಹಾಕೋಶವನ್ನೂ ಕೊಟ್ಟರು.

ಆ ಪ್ರಸಂಗದ ತರುವಾಯ ನಾವು ಹಿಡಿದ ಕ್ರಮವು ಸರಳವಾದುದು. ಮೊದಲ ಸಲ ಲೇಖನಿಯನ್ನು ಬದಿಗಿಟ್ಟು ಮಗುವು ಹೇಳುವುದೇನೆಂಬುದನ್ನಷ್ಟೇ ಓದುವುದು. ಅದರ ವಿಷಯವಾಗಿ ಒಂದು ಪ್ರಶ್ನೆಯನ್ನು ಕೇಳುವುದು. ಎರಡನೆಯ ಸಲ ಒಂದೇ ಜಾತಿಯ ತಪ್ಪನ್ನು, ಲ-ಳಗಳ ಭೇದವನ್ನೋ ಲಿಂಗವನ್ನೋ, ತೋರಿಸಿ ಮಗುವಿನಿಂದಲೇ ತಿದ್ದಿಸಿ ಬರೆಯಿಸುವುದು. ಮಿಕ್ಕವು ನಾಳೆಗಿರಲಿ.

ಗೃಹಸ್ಥರೂ ಗೃಹಿಣಿಯರೂ ಇದನ್ನು ಮನೆಯಲ್ಲಿಯೇ ಮಾಡಬಹುದು. ಅದಕ್ಕೆ ಪಾಂಡಿತ್ಯವು ಬೇಕಿಲ್ಲ. ಮಗುವು ತನ್ನ ವಹಿಯನ್ನು ತಂದು ಮುಂದಿಟ್ಟಾಗ "ಇಲ್ಲಿ ತಪ್ಪಿದೆ" ಎನ್ನುವ ಮೊದಲು "ಆಮೇಲೇನಾಯಿತು?" ಎಂದು ಕೇಳಿರಿ. ಆ ಮೂರು ವಾಕ್ಯಗಳ ಮುಂದೆ ನಾವು ಅಂದು ಕೇಳಬೇಕಾಗಿದ್ದ ಪ್ರಶ್ನೆಯು ಅದೊಂದೇ ಆಗಿದ್ದಿತು.