ವೀಡಿಯೋ ಆಟದಲ್ಲಿ ಹಿಂದಿನ ಕಾಲದ ಮಕ್ಕಳು

ನಾವುಂದ, ಮರವಂತೆಗಳ ಕಡೆಯ ಮಕ್ಕಳು ಬಯಲಾಟದಲ್ಲಿ ಅಭಿಮನ್ಯುವನ್ನು ಕಂಡವರು. ಕೇದಗೆ ಮುಂದಲೆಯನ್ನು ಕಟ್ಟಿ ರಂಗಕ್ಕೆ ಬರುವ ಆ ಬಾಲವೀರನು ದ್ವಾಪರಯುಗದಲ್ಲಿಯೂ ಹೀಗೆಯೇ ಇದ್ದನೆಂದು ಯಾರೂ ಭಾವಿಸುವುದಿಲ್ಲ. ಅದು ವೇಷವೆಂಬುದು ಸರ್ವರಿಗೂ ವಿದಿತವಾಗಿದೆ. ವೀಡಿಯೋ ಆಟಗಳ ಸಂಗತಿಯಾದರೋ ಬೇರೆ. ಅವುಗಳ ಚಿತ್ರಗಳು ಕಣ್ಣಿಗೆ ನಿಜದಂತೆಯೇ ತೋರುವುದರಿಂದ, ಅಲ್ಲಿ ಕಂಡುದನ್ನೇ ಮಕ್ಕಳು ಚರಿತ್ರೆಯೆಂದು ನಂಬುವ ಸಂಭವವುಂಟು.

ಮಧ್ಯಯುಗದ ಕಥೆಯುಳ್ಳ ಆಟಗಳಲ್ಲಿ ಮಕ್ಕಳೇ ಇಲ್ಲದಿರುವುದು ಒಂದು ದೊಡ್ಡ ಕೊರತೆ. 1403ರ ಬೊಹೀಮಿಯ ದೇಶವನ್ನು ಬಹು ಶ್ರದ್ಧೆಯಿಂದ ಚಿತ್ರಿಸಿ 2018ರಲ್ಲಿ ಹೊರಬಂದ 'ಕಿಂಗ್‌ಡಮ್ ಕಮ್: ಡೆಲಿವರನ್ಸ್' ಎಂಬ ಆಟದ ಬೀದಿಗಳಲ್ಲಿ ಮಕ್ಕಳ ಸುಳಿವಿಲ್ಲ. 2019ರ 'ಎ ಪ್ಲೇಗ್ ಟೇಲ್' ಎಂಬ ಆಟವು ಇದಕ್ಕೆ ವಿರುದ್ಧವಾದುದು. 1348ರ ಫ್ರಾನ್ಸಿನಲ್ಲಿ ಹದಿನೈದು ವರ್ಷದ ಅಕ್ಕನೂ ಐದು ವರ್ಷದ ತಮ್ಮನೂ ಅಲೆಯುವ ಕಥೆ ಅದು.

ಆ ಕಾಲದವರು ಮಕ್ಕಳನ್ನು ಕುಳ್ಳಾದ ದೊಡ್ಡವರೆಂದೇ ಎಣಿಸುತ್ತಿದ್ದರೆಂದು ಫಿಲಿಪ್ ಆರಿಯೇಸ್ ಎಂಬ ಫ್ರೆಂಚ್ ವಿದ್ವಾಂಸರು 1960ರಲ್ಲಿ ವಾದಿಸಿದರು. ಈ ಮತವನ್ನು ಅನಂತರದ ಚರಿತ್ರಕಾರರು ಬಹುಮಟ್ಟಿಗೆ ಅಲ್ಲಗಳೆದಿದ್ದಾರೆ. ಲಂಡನ್ನಿನ ಥೇಮ್ಸ್ ನದಿಯ ಕೆಸರಿನಲ್ಲಿ ದೊರೆತ, 1300ರ ಸುಮಾರಿನ ಲೋಹದ ಆಟಿಕೆಗಳೇ ಅವರ ಪಕ್ಷಕ್ಕೆ ಸಾಕ್ಷಿ.

ನಮ್ಮ ಕರಾವಳಿಗೂ ಇಂತಹ ಸಾಕ್ಷ್ಯಗಳುಂಟು. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಅಲ್ಲಿ ಹೆಣ್ಣುಮಕ್ಕಳ 13, ಗಂಡುಮಕ್ಕಳ 23 ಪಾಠಶಾಲೆಗಳನ್ನು ಕಂಡನು. ಅಲ್ಲಿಯ ಸ್ತ್ರೀಯರು ಹೊಲಿದ ಬಟ್ಟೆಯನ್ನು ತೊಡದೆ, ವಸ್ತ್ರದ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಉಳಿದುದನ್ನು ತಲೆ ಎದೆಗಳ ಮೇಲೆ ಹೊದೆಯುತ್ತಿದ್ದರೆಂದು ಬರೆದಿದ್ದಾನೆ. 1623ರಲ್ಲಿ ಹೊನ್ನಾವರದಿಂದ ಇಕ್ಕೇರಿಗೆ ಘಟ್ಟವನ್ನೇರಿದ ಇಟಲಿಯ ಪೀಯೆತ್ರೊ ದೆಲ್ಲಾ ವಾಲ್ಲೆ, ದೇವಾಲಯದ ಜಗಲಿಯಲ್ಲಿ ಬಾಲಕರು ಲೆಕ್ಕವನ್ನು ರಾಗವಾಗಿ ಹೇಳುತ್ತ, ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದುದನ್ನು ವರ್ಣಿಸಿದ್ದಾನೆ. ಕಾಗದವು ವ್ಯರ್ಥವಾಗಬಾರದೆಂಬುದೇ ಅದರ ಕಾರಣ.

ನಮ್ಮ ಸೀಮೆಯ ಹಳೆಯ ಕಾಲವನ್ನು ಮುಂದೆ ಯಾರಾದರೂ ಆಟವಾಗಿ ರಚಿಸುವುದಾದರೆ, ಹುಡುಗನ ಕೈಗೆ ಕತ್ತಿಯನ್ನು ಕೊಡುವುದಕ್ಕಿಂತ ಮೊದಲು ಬೆರಳಿಗೆ ಮರಳನ್ನು ಒದಗಿಸಲಿ. ಹುಡುಗಿಯನ್ನು ಪಾಠಶಾಲೆಯಿಂದ ಹೊರಗಿಡದಿರಲಿ.

ಅಲ್ಲಿಯವರೆಗೆ ತಾಯಿತಂದೆಗಳು ಆಟವನ್ನು ನಿಷೇಧಿಸಬೇಕೆಂದಿಲ್ಲ. ಮಗುವಿನ ಬಳಿಯಲ್ಲಿ ಕುಳಿತು, "ಈ ಹುಡುಗನು ಉಟ್ಟಿರುವುದೇನು? ಮಾಡುವ ಕೆಲಸವೇನು? ಅವನಿಗೆ ಓದು ಹೇಳುವವರಾರು?" ಎಂದು ಕೇಳಿದರೆ ಸಾಕು. ಬಯಲಾಟದಲ್ಲಿ ವೇಷವನ್ನು ವೇಷವೆಂದು ಅರಿತ ಮಗುವು ಇಲ್ಲಿಯೂ ಅರಿತೀತು.