ಪ್ರಯಾಣದ ಬೇಡಿಕೆ ಮತ್ತು ಅದರ ಮಾದರಿಗಳು: ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ಹಿನ್ನೆಲೆಯಲ್ಲಿ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿರುವ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಳೆಯ ಅಭಾವವನ್ನು ಬಹುಕಾಲದಿಂದ ಉಂಡ ಬಯಲುಸೀಮೆಯ ಪ್ರದೇಶಗಳು. ಕಡಲೆಕಾಯಿ, ಹುಣಸೆ ಮತ್ತು ಕುರಿಸಾಕಣೆ ಇಲ್ಲಿನ ಬದುಕಿನ ಆಧಾರಗಳು. ಬೆಳೆ ಕೈಕೊಟ್ಟ ವರ್ಷ ಊರು ಬಿಟ್ಟು ದುಡಿಯಲು ಹೋಗುವುದು, ಮೇವು ಅರಸಿ ಕುರಿಮಂದೆಯೊಡನೆ ನಡೆಯುವುದು, ಸಂತೆಗೂ ಜಾತ್ರೆಗೂ ನೆರೆಸೀಮೆಗೆ ಹೋಗಿಬರುವುದು ಇಲ್ಲಿನ ಜನಜೀವನದ ಭಾಗವೇ ಆಗಿವೆ. ಹೀಗಿದ್ದರೂ ಈ ಓಡಾಟವನ್ನು ಅಳೆಯುವ ಶಾಸ್ತ್ರವೊಂದಿದೆ ಎಂಬುದು ಸಾಂಸ್ಕೃತಿಕ ಅಧ್ಯಯನಗಳ ಗಮನಕ್ಕೆ ಬಂದಿರುವುದು ಕಡಿಮೆ. ಎಲ್ಲಿಗೆ ಬಸ್ಸು ಓಡಬೇಕು, ಯಾವ ರಸ್ತೆ ಅಗಲವಾಗಬೇಕು, ರೈಲು ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನಗಳ ಹಿಂದೆ ಈ ಶಾಸ್ತ್ರದ ಲೆಕ್ಕಾಚಾರ ಕೆಲಸ ಮಾಡುತ್ತದೆ. ಆದುದರಿಂದ ಅದರ ಮೂಲ ಪರಿಕಲ್ಪನೆಗಳನ್ನು ಈ ಸೀಮೆಯ ಬದುಕಿನೊಡನೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಬೇಡಿಕೆ ಎಂದರೇನು?

ಪ್ರಯಾಣ ಅಪರೂಪಕ್ಕೆ ಮಾತ್ರ ತನಗಾಗಿ ನಡೆಯುತ್ತದೆ. ಸಂತೆ, ಶಾಲೆ, ಕಚೇರಿ, ಆಸ್ಪತ್ರೆ, ತವರುಮನೆ, ಮನೆದೇವರು ಹೀಗೆ ಇನ್ನಾವುದೋ ಕಾರ್ಯದ ಸಲುವಾಗಿ ಜನ ಹೊರಡುತ್ತಾರೆ. ಆದ್ದರಿಂದ ಪ್ರಯಾಣದ ಬೇಡಿಕೆಯನ್ನು ಶಾಸ್ತ್ರಕಾರರು ನಿಷ್ಪನ್ನ ಬೇಡಿಕೆ ಎನ್ನುತ್ತಾರೆ. ಊರಿನಲ್ಲಿಯೇ ಪ್ರೌಢಶಾಲೆ ಬಂದರೆ ಒಂದು ಬಗೆಯ ಪ್ರಯಾಣ ಇಲ್ಲವಾಗುತ್ತದೆ. ಕಾಲೇಜು ಹೋಬಳಿ ಕೇಂದ್ರದಲ್ಲಿದ್ದರೆ ಇನ್ನೊಂದು ಬಗೆಯ ಪ್ರಯಾಣ ಹುಟ್ಟುತ್ತದೆ. ಭೂಬಳಕೆ ಮತ್ತು ಸಂಚಾರ ಒಂದೇ ನಾಣ್ಯದ ಎರಡು ಮುಖಗಳೆಂಬ ಈ ತಿಳಿವಳಿಕೆಯೇ ಎಲ್ಲ ಮಾದರಿಗಳ ತಳಹದಿ.

ಮಾದರಿ ಎಂದರೆ ವಾಸ್ತವದ ಸರಳಗೊಳಿಸಿದ ಪ್ರತಿರೂಪ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1953-55ರಲ್ಲಿ, ಅನಂತರ ಷಿಕಾಗೊದಲ್ಲಿ ಜೆ. ಡಗ್ಲಸ್ ಕ್ಯಾರೊಲ್ ಅವರ ನೇತೃತ್ವದಲ್ಲಿ ನಡೆದ ಅಧ್ಯಯನಗಳು ಇಂದು ಬಳಕೆಯಲ್ಲಿರುವ ನಾಲ್ಕು ಹಂತಗಳ ಕ್ರಮಕ್ಕೆ ದಾರಿ ಮಾಡಿದವು. ಪ್ರಯಾಣಗಳ ಉತ್ಪತ್ತಿ, ಹಂಚಿಕೆ, ವಾಹನದ ಆಯ್ಕೆ ಮತ್ತು ಮಾರ್ಗ ನಿಯೋಜನೆ ಇವೇ ಆ ನಾಲ್ಕು ಹಂತಗಳು.

ಉತ್ಪತ್ತಿ ಮತ್ತು ವಲಯ

ಮೊದಲು ಪ್ರದೇಶವನ್ನು ವಲಯಗಳಾಗಿ ವಿಂಗಡಿಸಲಾಗುತ್ತದೆ. ಒಂದೊಂದು ವಲಯದಿಂದ ದಿನಕ್ಕೆ ಎಷ್ಟು ಪ್ರಯಾಣ ಹೊರಡುತ್ತದೆ, ಎಷ್ಟು ಬಂದು ಸೇರುತ್ತದೆ ಎಂಬುದನ್ನು ಕುಟುಂಬದ ಗಾತ್ರ, ವರಮಾನ, ವಾಹನದ ಒಡೆತನ, ಉದ್ಯೋಗ ಮೊದಲಾದವುಗಳ ಆಧಾರದಿಂದ ಅಂದಾಜು ಮಾಡಲಾಗುತ್ತದೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನ ಹಳ್ಳಿಗಳು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನ ಸ್ಥಾಪನೆಯಾಯಿತು. 2018ರಲ್ಲಿ ಅದರ ಮೊದಲ ಹಂತ ಉದ್ಘಾಟನೆಗೊಂಡಿತು. ಹೊಲಕ್ಕೆ ಹೋಗಿಬರುತ್ತಿದ್ದ ಓಡಾಟ ಅಲ್ಲಿ ಕುಗ್ಗಿತು. ನಿರ್ಮಾಣ ಕಾಲದಲ್ಲಿ ಹೊರಗಿನವರ ಓಡಾಟ ಏರಿ ಮತ್ತೆ ಇಳಿಯಿತು. ಸ್ವಂತ ಜಮೀನಿಲ್ಲದೆ ಕೂಲಿಯನ್ನೇ ನಂಬಿದ್ದವರು ಕೆಲಸಕ್ಕಾಗಿ ದೂರ ಹೋಗಬೇಕಾಯಿತು. ಜನಸಂಖ್ಯೆ ಅಷ್ಟೇ ಇದ್ದರೂ ಪ್ರಯಾಣದ ಸ್ವರೂಪ ಬದಲಾಗಬಹುದು ಎಂಬುದನ್ನು ಇದು ತೋರಿಸುತ್ತದೆ.

ವಲಯದ ಗಡಿ ಹಾಕುವುದೂ ಸುಲಭದ ಕಾರ್ಯವಲ್ಲ. ಪಾವಗಡ ತಾಲ್ಲೂಕು ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದಿದೆ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯೇ ನಡುವೆ ಆಂಧ್ರದ ನೆಲವನ್ನು ಹಾಯುತ್ತದೆ. ಪೆನುಕೊಂಡ, ಹಿಂದೂಪುರಗಳು ಪಾವಗಡದವರಿಗೆ ತುಮಕೂರಿಗಿಂತ ಹತ್ತಿರ. ವ್ಯಾಪಾರ, ನೆಂಟಸ್ತಿಕೆ, ಭಾಷೆ ಮೂರೂ ಇಲ್ಲಿ ರಾಜ್ಯದ ಗಡಿಯನ್ನು ದಾಟಿಕೊಂಡಿವೆ. ಜಿಲ್ಲೆಯ ನಕ್ಷೆಯನ್ನೇ ವಲಯದ ಎಲ್ಲೆಯಾಗಿ ಹಿಡಿದರೆ ಈ ಓಡಾಟದ ದೊಡ್ಡ ಪಾಲು ಲೆಕ್ಕದಿಂದ ಹೊರಗುಳಿಯುತ್ತದೆ.

ಹಂಚಿಕೆ: ಸೆಳೆತ ಮತ್ತು ದೂರ

ಹೊರಟ ಪ್ರಯಾಣ ಎಲ್ಲಿಗೆ ಹೋಗುತ್ತದೆ ಎಂಬುದು ಎರಡನೆಯ ಪ್ರಶ್ನೆ. ಇದಕ್ಕೆ ಬಳಸುವ ಪ್ರಸಿದ್ಧ ಸೂತ್ರ ಗುರುತ್ವ ಮಾದರಿ. ಊರಿನ ಸೆಳೆತ ಹೆಚ್ಚಿದಷ್ಟೂ ಪ್ರಯಾಣ ಹೆಚ್ಚು, ದೂರ ಹೆಚ್ಚಿದಷ್ಟೂ ಕಡಿಮೆ ಎಂಬುದು ಇದರ ತಿರುಳು. ವಿಲಿಯಂ ರೈಲಿ 1931ರಲ್ಲಿ ಪೇಟೆಗಳ ಸೆಳೆತವನ್ನು ಹೀಗೆಯೇ ವಿವರಿಸಿದ್ದರು. ತಿಳಿವಳಿಕೆಗಾಗಿ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳಬಹುದು. ಒಂದು ಹಳ್ಳಿಯಿಂದ 12 ಕಿಲೋಮೀಟರ್ ದೂರದ ಸಂತೆಯಲ್ಲಿ 400 ಅಂಗಡಿಗಳು, 24 ಕಿಲೋಮೀಟರ್ ದೂರದ ಸಂತೆಯಲ್ಲಿ 800 ಅಂಗಡಿಗಳು ಇವೆ ಎನ್ನೋಣ. ದೂರದ ವರ್ಗದಿಂದ ಭಾಗಿಸಿದರೆ ಹತ್ತಿರದ ಸಂತೆಯ ಬಲ 2.78, ದೂರದ್ದರ ಬಲ 1.39. ಹಳ್ಳಿಯಿಂದ 300 ಜನ ಹೊರಟರೆ 200 ಮಂದಿ ಹತ್ತಿರಕ್ಕೂ 100 ಮಂದಿ ದೂರಕ್ಕೂ ಹೋಗುತ್ತಾರೆಂದು ಮಾದರಿ ಹೇಳುತ್ತದೆ. ದೂರದ ಸಂತೆ ಇಮ್ಮಡಿ ದೊಡ್ಡದಾದರೂ ದಾರಿಯ ಭಾರ ಅದನ್ನು ಹಿಂದಿಕ್ಕುತ್ತದೆ.

ಇಲ್ಲಿ ದೂರ ಎಂದರೆ ಬರಿಯ ಕಿಲೋಮೀಟರ್ ಅಲ್ಲ. ಹಾದಿಯ ಕಾಲ, ಬಸ್ಸಿಗಾಗಿ ಕಾಯುವ ಹೊತ್ತು, ಟಿಕೆಟ್ಟಿನ ಹಣ, ನಡೆಯುವ ಶ್ರಮ ಇವೆಲ್ಲವನ್ನೂ ಕೂಡಿಸಿದ ಮೊತ್ತವನ್ನು ಸಮಗ್ರ ವೆಚ್ಚ ಎಂದು ಕರೆಯಲಾಗುತ್ತದೆ. ಜನಪದರಿಗೆ ಈ ತಿಳಿವು ಹೊಸದಲ್ಲ. ಹರದಾರಿ, ಗಾವುದ ಎಂಬ ಅಳತೆಗಳ ಜೊತೆಗೆ ಕೂಗಳತೆಯ ದೂರ, ಹೊತ್ತು ಮುಳುಗುವುದರೊಳಗೆ ಹೋಗಿಬರುವ ದೂರ ಎಂಬ ಮಾತುಗಳೂ ಬಳಕೆಯಲ್ಲಿವೆ. ಇವು ನೆಲವನ್ನಲ್ಲ, ದೇಹದ ಶ್ರಮವನ್ನೂ ಹಗಲಿನ ಹೊತ್ತನ್ನೂ ಅಳೆಯುತ್ತವೆ. ಕತ್ತಲಾಗುವ ಮೊದಲು ಮನೆ ಸೇರಬೇಕಾದ ಹೆಣ್ಣುಮಗಳಿಗೆ ಕೊನೆಯ ಬಸ್ಸು ಹೊರಡುವ ಹೊತ್ತೇ ಊರಿನ ದೂರವನ್ನು ನಿರ್ಧರಿಸುತ್ತದೆ. ಸ್ವೀಡನ್ನಿನ ಭೂಗೋಳಶಾಸ್ತ್ರಜ್ಞ ಟಾರ್ಸ್ಟನ್ ಹೇಗರ್‌ಸ್ಟ್ರಾಂಡ್ 1970ರಲ್ಲಿ ಮಂಡಿಸಿದ ಕಾಲ-ಭೂಗೋಳದ ವಿಚಾರವೂ ಇದಕ್ಕೆ ಹತ್ತಿರವಾದದ್ದು.

ವಾಹನದ ಆಯ್ಕೆ

ನಡಿಗೆ, ಸೈಕಲ್, ಬೈಕು, ಆಟೊ, ಜೀಪು, ಖಾಸಗಿ ಬಸ್ಸು, ಸರ್ಕಾರಿ ಬಸ್ಸು ಇವುಗಳಲ್ಲಿ ಯಾವುದನ್ನು ಜನ ಆರಿಸುತ್ತಾರೆ ಎಂಬುದು ಮೂರನೆಯ ಹಂತ. ಡೇನಿಯಲ್ ಮ್ಯಾಕ್‌ಫ್ಯಾಡನ್ ಅವರಿಗೆ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಗೌರವ ಸಂದದ್ದು ಇಂಥ ಆಯ್ಕೆಗಳನ್ನು ವಿಶ್ಲೇಷಿಸುವ ಸಿದ್ಧಾಂತಕ್ಕಾಗಿ. ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ ಹೊಸ ರೈಲು ಬಂದಾಗ ಶೇ. 15ರಷ್ಟು ಜನ ಅದನ್ನು ಬಳಸುವರೆಂದು ಅಧಿಕೃತ ಅಂದಾಜು ಹೇಳಿತ್ತು. ಅವರ ಮಾದರಿ ಶೇ. 6.3 ಎಂದಿತು, ನಡೆದದ್ದು ಶೇ. 6.2. ಜನರ ಆಯ್ಕೆಯನ್ನು ಅವರ ಕಾಲ, ಹಣ, ಅನುಕೂಲಗಳ ನೆಲೆಯಿಂದ ಅರಿಯುವುದರ ಪ್ರಯೋಜನ ಇದರಿಂದ ಸ್ಪಷ್ಟವಾಗುತ್ತದೆ.

ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳ ಪ್ರಯಾಣವನ್ನು ಉಚಿತಗೊಳಿಸಿತು. ಇದರಿಂದ ಸಮಗ್ರ ವೆಚ್ಚದ ಒಂದು ಅಂಶವಾದ ಟಿಕೆಟ್ಟಿನ ಹಣ ಸೊನ್ನೆಯಾಯಿತು. ಆದರೆ ಸರ್ಕಾರಿ ಬಸ್ಸು ಬಾರದೆ ಖಾಸಗಿ ಬಸ್ಸನ್ನೇ ನಂಬಿದ ಹಳ್ಳಿಯ ಹೆಣ್ಣುಮಕ್ಕಳಿಗೆ ಆ ಉಚಿತ ದೊರೆಯುವುದಿಲ್ಲ. ದರ ಮತ್ತು ಲಭ್ಯತೆ ಬೇರೆಬೇರೆ ಎಂಬುದನ್ನು ಮರೆಯುವಂತಿಲ್ಲ.

ಮಾರ್ಗ ನಿಯೋಜನೆ

ಕೊನೆಯ ಹಂತದಲ್ಲಿ ಪ್ರಯಾಣಗಳನ್ನು ರಸ್ತೆಗಳ ಮೇಲೆ ಇರಿಸಿ ನೋಡಲಾಗುತ್ತದೆ. ದಾರಿ ಬದಲಿಸಿ ಯಾರೊಬ್ಬರೂ ಕಾಲವನ್ನು ಉಳಿಸಲಾಗದ ಸ್ಥಿತಿಯೇ ಸಮತೋಲನ ಎಂದು ಜೆ. ಜಿ. ವಾರ್ಡ್ರಾಪ್ 1952ರಲ್ಲಿ ನಿರೂಪಿಸಿದರು. ಬೆಂಗಳೂರು-ಪುಣೆ ಹೆದ್ದಾರಿಯ ಮೇಲಿರುವ ಸಿರಾ ಇಲ್ಲಿ ಗಮನಾರ್ಹ. ಹೆದ್ದಾರಿಯಲ್ಲಿ ಹಾದುಹೋಗುವ ವಾಹನಗಳಲ್ಲಿ ಹೆಚ್ಚಿನವು ಆ ತಾಲ್ಲೂಕಿನಲ್ಲಿ ಹುಟ್ಟಿದವೂ ಅಲ್ಲ, ಅಲ್ಲಿ ನಿಲ್ಲುವವೂ ಅಲ್ಲ. ರಸ್ತೆಯ ದಟ್ಟಣೆಯನ್ನು ಸ್ಥಳೀಯರ ಅನುಕೂಲವೆಂದು ತಿಳಿಯುವುದು ತಪ್ಪಾಗುತ್ತದೆ.

ಎಣಿಕೆಗೆ ಸಿಗದ ಪ್ರಯಾಣ

ಈ ನಾಲ್ಕು ಹಂತಗಳ ಕ್ರಮ ಸಾಮಾನ್ಯವಾಗಿ ವಾರದ ಒಂದು ಸಾಧಾರಣ ದಿನವನ್ನು ಆಧರಿಸುತ್ತದೆ. ಈ ಸೀಮೆಯ ಕಾಲಗಣನೆ ಅಂಥದ್ದಲ್ಲ. ಪಾವಗಡದ ಶನಿಮಹಾತ್ಮನ ಗುಡಿಗೆ ಶನಿವಾರ, ಅದರಲ್ಲೂ ಶ್ರಾವಣದ ಶನಿವಾರಗಳಂದು ಜನ ಸೇರುತ್ತಾರೆ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಯ ಸನ್ನಿಧಿ, ಸಿದ್ಧರಬೆಟ್ಟ, ಮಧುಗಿರಿಯ ದಂಡಿನ ಮಾರಮ್ಮ, ನಾಗಲಮಡಿಕೆಯ ಸುಬ್ರಹ್ಮಣ್ಯನ ಜಾತ್ರೆ, ಸಿರಾ ಸೀಮೆಯ ಕಾಡುಗೊಲ್ಲರ ಜುಂಜಪ್ಪನ ಪರಿಷೆ ಇವೆಲ್ಲಕ್ಕೂ ತಮ್ಮದೇ ವಾರ, ತಿಥಿ, ಮಾಸಗಳಿವೆ. ಸಾಧಾರಣ ದಿನದ ಸರಾಸರಿಯಲ್ಲಿ ಇವು ಕರಗಿಹೋಗುತ್ತವೆ.

ಇದಕ್ಕಿಂತ ಗಂಭೀರವಾದದ್ದು ಸುಪ್ತ ಬೇಡಿಕೆಯ ಪ್ರಶ್ನೆ. ಹೋಗಬೇಕೆಂದರೂ ಸೌಕರ್ಯವಿಲ್ಲದೆ ಹೋಗಲಾಗದವರ ಅಗತ್ಯವೇ ಸುಪ್ತ ಬೇಡಿಕೆ. ಬಸ್ಸು ಬಾರದ ಊರಿನಲ್ಲಿ ಬಸ್ಸಿನ ಪ್ರಯಾಣಿಕರನ್ನು ಎಣಿಸಿದರೆ ಸಿಗುವುದು ಸೊನ್ನೆ. ಆ ಸೊನ್ನೆಯನ್ನೇ ಬೇಡಿಕೆಯ ಅಭಾವವೆಂದು ಓದಿದರೆ ಬಸ್ಸು ಎಂದಿಗೂ ಬರುವುದಿಲ್ಲ. ಇಂಥ ಲೆಕ್ಕದ ಬೆಲೆ ಕೆಲವೊಮ್ಮೆ ಪ್ರಾಣವೇ ಆಗುತ್ತದೆ. 2022ರ ಮಾರ್ಚ್ 19ರ ಶನಿವಾರ ಬೆಳಿಗ್ಗೆ ವೈ.ಎನ್. ಹೊಸಕೋಟೆ ಕಡೆಯಿಂದ ಪಾವಗಡಕ್ಕೆ ಬರುತ್ತಿದ್ದ, ಕಿಕ್ಕಿರಿದು ತುಂಬಿದ್ದ ಬಸ್ಸೊಂದು ಪಳವಳ್ಳಿ ಕಟ್ಟೆಯ ಬಳಿ ಉರುಳಿ ವಿದ್ಯಾರ್ಥಿಗಳೂ ಸೇರಿದಂತೆ ಹಲವರು ಸತ್ತರು. ಅದೇ ವರ್ಷ ಆಗಸ್ಟ್ 25ರ ನಸುಕಿನಲ್ಲಿ ಸಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ ಜೀಪಿಗೂ ಲಾರಿಗೂ ಡಿಕ್ಕಿಯಾಗಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ಒಂಬತ್ತು ಮಂದಿ ಅಸುನೀಗಿದರು. ಒಂದು ಬಸ್ಸಿನಲ್ಲಿ, ಒಂದು ಜೀಪಿನಲ್ಲಿ ಅಷ್ಟು ಜನ ತುಂಬಿಕೊಂಡದ್ದು ಬೇಡಿಕೆ ಇತ್ತೆಂಬುದಕ್ಕೆ ಸಾಕ್ಷಿ. ಪೂರೈಕೆಯಷ್ಟೇ ಅದಕ್ಕೆ ಸಾಟಿಯಾಗಿರಲಿಲ್ಲ.

ಸಮಾರೋಪ

ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ರಾಯದುರ್ಗಕ್ಕೆ ಮತ್ತು ಸಿರಾ ಮೂಲಕ ದಾವಣಗೆರೆಗೆ ರೈಲು ಮಾರ್ಗಗಳು ಮಂಜೂರಾಗಿವೆ. ಅವು ಪೂರ್ಣಗೊಂಡಾಗ ಸಂತೆಗಳ ಸೆಳೆತ, ಊರುಗಳ ನಡುವಿನ ದೂರ, ವಲಸೆಯ ದಾರಿ ಎಲ್ಲವೂ ಹೊಸದಾಗಿ ಹಂಚಿಕೆಯಾಗಲಿವೆ. ಆ ಬದಲಾವಣೆಯನ್ನು ಮುಂಚಿತವಾಗಿ ಅರಿಯಲು ಮಾದರಿಗಳು ಬೇಕು. ಆದರೆ ಮಾದರಿಗೆ ಉಣಿಸುವ ಮಾಹಿತಿ ವಾಹನಗಳ ಎಣಿಕೆಯಿಂದ ಮಾತ್ರ ಬರಲಾರದು. ಸಂತೆಯ ವಾರ, ಜಾತ್ರೆಯ ತಿಥಿ, ಮದುವೆಯ ಸಂಬಂಧಗಳ ಹರಹು, ಕುರಿಮಂದೆಯ ದಾರಿ, ಗುಳೆ ಹೋಗುವ ತಿಂಗಳು ಇವುಗಳ ದಾಖಲಾತಿ ಕ್ಷೇತ್ರಕಾರ್ಯದಿಂದ ಮಾತ್ರ ಸಾಧ್ಯ. ಈ ಬಗೆಯ ಮಾಹಿತಿಯನ್ನು ಜಾನಪದ ಅಧ್ಯಯನ ಬಹುಕಾಲದಿಂದ ಸಂಗ್ರಹಿಸುತ್ತ ಬಂದಿದೆ. ಸಂಚಾರ ಯೋಜನೆಯವರ ಕೈಗೆ ಅದು ತಲುಪಬೇಕಾಗಿದೆ. ಬಸ್ಸಿಗಾಗಿ ಕಾದು ಕೊನೆಗೆ ನಡೆದೇ ಹೋದವರ ಹೆಜ್ಜೆಯೂ ಲೆಕ್ಕಕ್ಕೆ ಸಿಕ್ಕಾಗ ಮಾತ್ರ ಈ ಸೀಮೆಯ ಬೇಡಿಕೆಯ ನಿಜವಾದ ಪ್ರಮಾಣ ತಿಳಿಯುತ್ತದೆ.